ಬೇಸಿಗೆ ರಜೆಯ ಕೆಲಸ ಆರಿಸುವುದು ಹೇಗೆ: ಹದಿಹರೆಯದವರಿಗೆ ಹಂತ ಹಂತದ ಮಾರ್ಗದರ್ಶಿ

ರಜೆಯಲ್ಲಿ ಕೆಲಸಕ್ಕೆ ಸೇರಿದವರು ಎರಡನೆಯ ವಾರದಲ್ಲೇ ಬಿಟ್ಟು ಬರುವುದು, ಇಲ್ಲವೇ ಶಾಲೆ ಶುರುವಾದ ಮೇಲೂ ಬಾಕಿ ಸಂಬಳಕ್ಕಾಗಿ ಅಲೆಯುವುದು ಪ್ರತಿ ವರ್ಷವೂ ನಡೆಯುತ್ತದೆ. ಮಕ್ಕಳಿಗೆ ಮೈ ಬಗ್ಗುವುದಿಲ್ಲ ಎಂದು ದೊಡ್ಡವರು ಗೊಣಗುತ್ತಾರೆ. ಹೆಚ್ಚಿನ ಸಲ ತಪ್ಪು ಮೈಯದಲ್ಲ, ಆರಿಸಿದ ಕ್ರಮದ್ದು. ಮೊದಲು ಸಂಬಳ ಎಷ್ಟೆಂದು ಕೇಳುತ್ತಾರೆ, ಆಮೇಲೆ ಕೆಲಸ ಏನೆಂದು ತಿಳಿದುಕೊಳ್ಳುತ್ತಾರೆ. ಸಮಯ ಹೊಂದುವುದಿಲ್ಲ ಎನ್ನುವುದು ಸೇರಿದ ಮೇಲೆ ಗೊತ್ತಾಗುತ್ತದೆ. ಮೇಲ್ವಿಚಾರಕರು ಎಂಥವರು ಎನ್ನುವುದು ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಆ ಕ್ರಮವನ್ನು ತಿರುಗಿಸಿದ್ದೇವೆ. ಮೊದಲು ಸಮಯ, ಆಮೇಲೆ ಕಾನೂನು, ಆಮೇಲೆ ಕೆಲಸ ಕೊಡುವ ಜನ, ಹಣದ ಲೆಕ್ಕ ಅದರ ನಂತರ. ಒಂದು ಹಂತದಲ್ಲಿ ಸೋತ ಕೆಲಸವನ್ನು ಮುಂದಿನ ಹಂತಕ್ಕೆ ಎಳೆದುಕೊಂಡು ಹೋಗಬೇಡಿ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

ಒಂದು ಗೋಡೆ ಕ್ಯಾಲೆಂಡರ್, ಒಂದು ನೋಟ್‌ಪುಸ್ತಕ, ವಯಸ್ಸಿನ ದಾಖಲೆಯ ನಕಲು ಪ್ರತಿಗಳು, ನಿಮ್ಮ ಹೆಸರಿನಲ್ಲಿರುವ ಬ್ಯಾಂಕ್ ಖಾತೆಯ ವಿವರ. ಕಾನೂನು ಕೇಳುವ ಕಡೆ ಪೋಷಕರ ಒಪ್ಪಿಗೆ ಪತ್ರವೂ ಬೇಕು.

ಇವುಗಳಿಗಿಂತ ಮುಖ್ಯವಾದದ್ದು ಒಬ್ಬ ದೊಡ್ಡವರು. ಅಪ್ಪ, ಅಮ್ಮ, ಅಕ್ಕ, ಶಿಕ್ಷಕರು, ಯಾರಾದರೂ ಸರಿ. ನೀವು ಎಲ್ಲಿಗೆ ಹೋಗುತ್ತೀರಿ, ಯಾರನ್ನು ಭೇಟಿಯಾಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎನ್ನುವುದು ಅವರಿಗೆ ಗೊತ್ತಿರಬೇಕು. ‘ಕೆಲಸ ಸಿಕ್ಕ ಮೇಲೆ ಹೇಳಿ ಅಚ್ಚರಿಗೊಳಿಸೋಣ’ ಎಂಬ ಯೋಚನೆ ಬಿಡಿ. ಮುಂದೆ ಬರುವ ಎಚ್ಚರಿಕೆಯ ಗುರುತುಗಳನ್ನು ಹದಿನೈದು ವರ್ಷದ ಕಣ್ಣಿಗಿಂತ ನಲವತ್ತು ವರ್ಷದ ಕಣ್ಣು ಬೇಗ ಗುರುತಿಸುತ್ತದೆ.

## ಹಂತ 1: ನಿಮ್ಮಲ್ಲಿ ನಿಜವಾಗಿ ಎಷ್ಟು ದಿನ ಇವೆ?

ಕ್ಯಾಲೆಂಡರ್ ಮುಂದಿಟ್ಟುಕೊಂಡು ರಜೆಯ ಮೊದಲ ದಿನ ಮತ್ತು ಕೊನೆಯ ದಿನಕ್ಕೆ ಗುರುತು ಹಾಕಿ. ಈಗ ಕಳೆಯಲು ಶುರು ಮಾಡಿ. ರಜೆ 60 ದಿನ ಎಂದುಕೊಳ್ಳೋಣ. ನೆಂಟರ ಮನೆ, ಮದುವೆ, ಪ್ರವಾಸಕ್ಕೆ 10 ದಿನ. ಪರೀಕ್ಷೆ, ಪ್ರವೇಶದ ಓಡಾಟ, ತರಗತಿಗಳಿಗೆ 8 ದಿನ. ಶಾಲೆ ಶುರುವಾಗುವ ಮುನ್ನಿನ ವಾರ ಬಿಡುವಿರಲಿ, ಅಲ್ಲಿ 7 ದಿನ. ಉಳಿದದ್ದು 35. ವಾರಕ್ಕೊಂದು ರಜೆ ತೆಗೆದರೆ 30. ‘ಎರಡು ತಿಂಗಳು ಖಾಲಿ ಇದ್ದೇನೆ’ ಎಂದು ಮಾಲೀಕರಿಗೆ ಹೇಳಲು ಹೊರಟಿದ್ದ ನಿಮ್ಮಲ್ಲಿ ಇರುವುದು ಅದರ ಅರ್ಧ.

ಬೇಸಿಗೆ ಕೆಲಸಗಳಲ್ಲಿ ಮನಸ್ತಾಪ ಹುಟ್ಟುವುದು ಬಹುತೇಕ ಇಲ್ಲೇ. ಎರಡು ತಿಂಗಳಿಗೆಂದು ನಂಬಿ ಕೆಲಸ ಕಲಿಸಿದವರಿಗೆ ಮೂರನೆಯ ವಾರ ‘ಮುಂದಿನ ಹತ್ತು ದಿನ ಬರುವುದಿಲ್ಲ’ ಎಂದರೆ ಸಿಟ್ಟು ಬರುವುದು ಸಹಜ. 30 ದಿನ ಎಂದರೆ 30 ದಿನ ಎಂದೇ ಹೇಳಿ. ಅಷ್ಟಕ್ಕೆ ಒಪ್ಪುವವರು ಸಿಗುತ್ತಾರೆ.

ದಿನದ ಗಂಟೆಗಳನ್ನೂ ಇದೇ ರೀತಿ ಕಳೆಯಿರಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂಬುದು ನಿದ್ರಾ ತಜ್ಞರ ಸಲಹೆ. ರಾತ್ರಿ ಹನ್ನೊಂದಕ್ಕೆ ಮುಗಿಯುವ ಪಾಳಿ ಮತ್ತು ಬೆಳಗ್ಗೆ ಆರಕ್ಕೆ ಶುರುವಾಗುವ ಪಾಳಿ ಒಂದರ ಹಿಂದೆ ಒಂದು ಬಂದರೆ ಈ ಲೆಕ್ಕ ಕೂಡುವುದೇ ಇಲ್ಲ. ಅಂಥ ಕೆಲಸವನ್ನು ಈ ಹಂತದಲ್ಲೇ ಹೊಡೆದುಹಾಕಿ.

## ಹಂತ 2: ನಿಮ್ಮ ವಯಸ್ಸಿಗೆ ಕಾನೂನು ಏನು ಹೇಳುತ್ತದೆ?

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 138ನೇ ಒಡಂಬಡಿಕೆ 1973ರಲ್ಲಿ ಬಂತು. ಅದರ ಪ್ರಕಾರ ಕೆಲಸಕ್ಕೆ ಸೇರುವ ಕನಿಷ್ಠ ವಯಸ್ಸು ಸಾಮಾನ್ಯವಾಗಿ 15. ಕಡ್ಡಾಯ ಶಿಕ್ಷಣ ಮುಗಿಯುವ ವಯಸ್ಸು ಅದಕ್ಕಿಂತ ಹೆಚ್ಚಿದ್ದರೆ ಅದೇ ಅನ್ವಯ. ಆರ್ಥಿಕವಾಗಿ ಹಿಂದುಳಿದ ದೇಶಗಳು ಆರಂಭದಲ್ಲಿ 14 ಎಂದು ಇಟ್ಟುಕೊಳ್ಳಬಹುದು. ಓದಿಗೂ ಆರೋಗ್ಯಕ್ಕೂ ತೊಂದರೆಯಾಗದ ಹಗುರ ಕೆಲಸಕ್ಕೆ 13ರಿಂದ 15 ವರ್ಷದವರಿಗೆ ಅವಕಾಶ ಕೊಡಬಹುದು. ಅಪಾಯಕಾರಿ ಕೆಲಸಕ್ಕೆ ಮಾತ್ರ 18 ತುಂಬಿರಬೇಕು. 1999ರ 182ನೇ ಒಡಂಬಡಿಕೆ ಬಾಲಕಾರ್ಮಿಕತನದ ಅತಿ ಕೆಟ್ಟ ರೂಪಗಳನ್ನು ನಿಷೇಧಿಸುತ್ತದೆ. 2020ರ ಹೊತ್ತಿಗೆ ಸಂಘಟನೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಅದನ್ನು ಅನುಮೋದಿಸಿದ್ದವು.

ಇದು ಚೌಕಟ್ಟು ಮಾತ್ರ. ಗಂಟೆ, ಪಾಳಿ, ಪರವಾನಗಿಗಳನ್ನು ನಿರ್ಧರಿಸುವುದು ಆಯಾ ದೇಶದ ಕಾನೂನು. ನೀವಿರುವಲ್ಲಿನ ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ನಾಲ್ಕು ಉತ್ತರ ಹುಡುಕಿ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿ: ನನ್ನ ವಯಸ್ಸಿನವರು ದಿನಕ್ಕೆ ಮತ್ತು ವಾರಕ್ಕೆ ಎಷ್ಟು ಗಂಟೆ ದುಡಿಯಬಹುದು? ರಾತ್ರಿ ಎಷ್ಟು ಹೊತ್ತಿನವರೆಗೆ? ಯಾವ ಕೆಲಸಗಳಿಗೆ ನಿಷೇಧವಿದೆ? ಪೋಷಕರ ಅಥವಾ ಶಾಲೆಯ ಒಪ್ಪಿಗೆ ಪತ್ರ ಬೇಕೇ?

ಅಪಾಯಕಾರಿ ಕೆಲಸ ಎಂದರೆ ಗಣಿ, ಪಟಾಕಿ ಕಾರ್ಖಾನೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. 182ನೇ ಒಡಂಬಡಿಕೆಯ ಜೊತೆಗೆ ಬಂದ 190ನೇ ಶಿಫಾರಸಿನ ಪಟ್ಟಿ ಅದಕ್ಕಿಂತ ಉದ್ದವಿದೆ. ನೆಲದಡಿ, ನೀರಿನಡಿ, ಅಪಾಯಕಾರಿ ಎತ್ತರದಲ್ಲಿ, ಗಾಳಿಯಾಡದ ಇಕ್ಕಟ್ಟಿನಲ್ಲಿ ಮಾಡುವ ಕೆಲಸ. ಅಪಾಯಕಾರಿ ಯಂತ್ರ ಮತ್ತು ಸಲಕರಣೆ. ಭಾರದ ಸರಕು ಎತ್ತುವುದು, ಸಾಗಿಸುವುದು. ರಾಸಾಯನಿಕ, ಅತಿ ಶಾಖ, ಅತಿ ಸದ್ದು. ಅತಿ ದೀರ್ಘ ಅವಧಿ, ರಾತ್ರಿ ಪಾಳಿ, ಮಾಲೀಕರ ಆವರಣದಿಂದ ಹೊರಬಿಡದೆ ಇರಿಸಿಕೊಳ್ಳುವುದು. ದೈಹಿಕ, ಮಾನಸಿಕ ಅಥವಾ ಲೈಂಗಿಕ ಕಿರುಕುಳಕ್ಕೆ ಒಡ್ಡುವ ಕೆಲಸವೂ ಇದರಲ್ಲಿದೆ. ಅಂಗಡಿಯ ಕೆಲಸವೆಂದು ಕರೆದು ಗೋದಾಮಿನಲ್ಲಿ ಏಣಿ ಹತ್ತಿಸಿ ಭಾರ ಇಳಿಸಲು ಹಚ್ಚಿದರೆ, ಹೆಸರು ಅಂಗಡಿಯದ್ದಾದರೂ ಅಪಾಯ ಅಪಾಯವೇ.

‘ವಯಸ್ಸು ಒಂದು ವರ್ಷ ಹೆಚ್ಚು ಬರೆದುಬಿಡು, ಯಾರೂ ನೋಡುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಸುಳ್ಳು ವಯಸ್ಸಿನಲ್ಲಿ ಸೇರಿ ಪೆಟ್ಟು ಮಾಡಿಕೊಂಡರೆ, ತಪ್ಪು ಮಾಹಿತಿ ಕೊಟ್ಟದ್ದು ಈ ಹುಡುಗನೇ, ಈ ಹುಡುಗಿಯೇ ಎಂದು ಮೊದಲು ಬೆರಳು ತೋರಿಸುವವರು ಆ ಸಲಹೆ ಕೊಟ್ಟವರೇ.

## ಹಂತ 3: ಒಂದೇ ಒಂದು ಉದ್ದೇಶ ಬರೆಯಿರಿ

ಹಣ, ಕಲಿಕೆ, ಮುಂದಿನ ಓದಿಗೆ ಅನುಭವ, ಮನೆಯಿಂದ ಆಚೆ ಇರುವುದು. ಯಾವುದೂ ಕೀಳಲ್ಲ. ಆದರೆ ಒಂದನ್ನು ಮೊದಲಿಗೆ ಇಡಬೇಕು. ಹಣ ಬೇಕಾದವರು ಬೇಸರದ ಕೆಲಸವನ್ನು ಸಹಿಸಬಹುದು. ಕಲಿಯಬೇಕಾದವರು ಕಡಿಮೆ ಸಂಬಳವನ್ನು ಸಹಿಸಬಹುದು. ಎರಡೂ ತುಂಬ ಬೇಕು ಎನ್ನುವವರು ಯಾವ ಕೆಲಸಕ್ಕೆ ಸೇರಿದರೂ ಅತೃಪ್ತರಾಗಿ ಬಿಡುತ್ತಾರೆ.

‘ಅನುಭವ ಸಿಗುತ್ತದೆ, ಸಂಬಳ ಕೊಡುವುದಿಲ್ಲ’ ಎನ್ನುವ ಕೆಲಸಗಳ ಬಗ್ಗೆ ನನಗೆ ಸಂಶಯ ಜಾಸ್ತಿ. ಯಾರು ಕಲಿಸುತ್ತಾರೆ, ದಿನಕ್ಕೆ ಎಷ್ಟು ಹೊತ್ತು, ಏನನ್ನು ಎಂದು ಕೇಳಿ. ಉತ್ತರ ತೇಲಿಸಿದರೆ ಅದು ಬಿಟ್ಟಿ ಚಾಕರಿ.

## ಹಂತ 4: ಹುಡುಕುವುದು, ಮೋಸವನ್ನು ಸೋಸುವುದು

ಹುಡುಕಾಟವನ್ನು ರಜೆಗೆ ಆರರಿಂದ ಎಂಟು ವಾರ ಮುಂಚೆ ಶುರು ಮಾಡಿ. ರಜೆ ಬಂದ ಮೇಲೆ ಹೊರಟರೆ ಒಳ್ಳೆಯವು ಹೋಗಿರುತ್ತವೆ, ಉಳಿದವು ಯಾರಿಗೂ ಬೇಡವಾದವು.

ಮೊದಲು ಪರಿಚಿತರನ್ನು ಕೇಳಿ. ಕಳೆದ ವರ್ಷ ಕೆಲಸ ಮಾಡಿದ ಹಿರಿಯ ವಿದ್ಯಾರ್ಥಿಗಳು ಎಲ್ಲ ಜಾಹೀರಾತುಗಳಿಗಿಂತ ಹೆಚ್ಚು ನಂಬಲರ್ಹರು. ಅವರಿಗೆ ‘ಕೆಲಸ ಹೇಗಿತ್ತು’ ಎಂದು ಕೇಳಿದರೆ ‘ಪರವಾಗಿಲ್ಲ’ ಎನ್ನುತ್ತಾರೆ. ‘ಈ ವರ್ಷವೂ ಅಲ್ಲಿಗೇ ಹೋಗುತ್ತೀಯಾ?’ ಎಂದು ಕೇಳಿ. ನಿಜ ಹೊರಬರುವುದು ಆಗ. ನಂತರ ಗ್ರಂಥಾಲಯ, ಈಜುಕೊಳ, ಬೇಸಿಗೆ ಶಿಬಿರ, ಪುಸ್ತಕದ ಅಂಗಡಿ, ತೋಟ, ಕಚೇರಿ ಎಂದು ನಡೆದು ಹೋಗಬಹುದಾದ ಜಾಗಗಳಿಗೆ ಖುದ್ದಾಗಿ ಹೋಗಿ. ನೆರೆಹೊರೆಯ ಮಕ್ಕಳಿಗೆ ಪಾಠ ಹೇಳುವುದು, ಸಾಕುಪ್ರಾಣಿ ನೋಡಿಕೊಳ್ಳುವುದು, ಹಿರಿಯರಿಗೆ ಮೊಬೈಲ್ ಬಳಸಲು ಕಲಿಸುವುದು ಕೂಡ ಕೆಲಸವೇ; ಇವುಗಳಲ್ಲಿ ಗಂಟೆಗಳು ನಿಮ್ಮ ಹಿಡಿತದಲ್ಲಿ ಇರುತ್ತವೆ.

ಅಂತರ್ಜಾಲದಲ್ಲಿ ಸಿಗುವ ಕೆಲಸಗಳನ್ನು ಬೇರೆ ಜರಡಿಯಲ್ಲಿ ಹಾಕಬೇಕು. ಕೆಳಗಿನವುಗಳಲ್ಲಿ ಒಂದು ಕಂಡರೂ ಸಾಕು, ಮಾತುಕತೆ ನಿಲ್ಲಿಸಿ:

- ನೋಂದಣಿ, ತರಬೇತಿ, ಸಮವಸ್ತ್ರ, ಠೇವಣಿ ಎಂದು ಯಾವ ಹೆಸರಿನಲ್ಲಾದರೂ ಮೊದಲೇ ಹಣ ಕೇಳುವುದು.
- ‘ನಿನ್ನ ಖಾತೆಗೆ ಹಣ ಬರುತ್ತದೆ, ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನು ಈ ಖಾತೆಗೆ ಕಳುಹಿಸು’ ಎನ್ನುವುದು. ಕದ್ದ ಹಣ ಸಾಗಿಸಲು ಇದು ದಾರಿ. ಪೊಲೀಸರು ಮೊದಲು ಬರುವುದು ಖಾತೆಯ ಒಡೆಯರ ಮನೆಗೆ.
- ವಿಡಿಯೋ ಮೆಚ್ಚಿದ್ದಕ್ಕೆ, ವಿಮರ್ಶೆ ಬರೆದದ್ದಕ್ಕೆ ಮೊದಲ ದಿನ ಚೂರು ಹಣ ಕೊಟ್ಟು, ಆಮೇಲೆ ಹೆಚ್ಚು ಗಳಿಸಲು ನೀವೇ ಹಣ ತುಂಬಬೇಕೆನ್ನುವುದು.
- ಒಟಿಪಿ, ಪಿನ್, ಪಾಸ್‌ವರ್ಡ್, ನಿಮ್ಮ ವೈಯಕ್ತಿಕ ಫೋಟೋಗಳನ್ನು ಕೇಳುವುದು.
- ಸಂದರ್ಶನವಿಲ್ಲದೆ, ಒಂದು ಸಂದೇಶದಲ್ಲೇ ‘ನೀನು ಆಯ್ಕೆಯಾಗಿದ್ದೀಯಾ’ ಎನ್ನುವುದು. ಇವತ್ತೇ ಒಪ್ಪಬೇಕೆಂದು ಅವಸರ ಮಾಡುವುದು.
- ಮನೆಯಲ್ಲಿ ಹೇಳಬೇಡ ಎನ್ನುವುದು.

ಕೊನೆಯದಕ್ಕೆ ಯಾವ ವಿವರಣೆಯನ್ನೂ ಕೇಳಿಸಿಕೊಳ್ಳಬೇಡಿ.

## ಹಂತ 5: ಜಾಗ ನೋಡಿ, ಜನ ನೋಡಿ, ಆಮೇಲೆ ಮಾತನಾಡಿ

ಕೆಲಸ ಎಷ್ಟೇ ನೀರಸವಾಗಿದ್ದರೂ ಮೇಲ್ವಿಚಾರಕರು ಒಳ್ಳೆಯವರಾದರೆ ರಜೆ ಸಾರ್ಥಕ. ಕೆಲಸ ಎಷ್ಟೇ ಸೊಗಸಾಗಿದ್ದರೂ ಅವರು ಕೆಟ್ಟವರಾದರೆ ಒಂದು ವಾರ ಕಳೆಯುವುದೂ ಕಷ್ಟ. ಆದ್ದರಿಂದ ಸಂದರ್ಶನಕ್ಕೆ ಮೊದಲು, ಜನ ಹೆಚ್ಚಿರುವ ಹೊತ್ತಿನಲ್ಲಿ, ಸಾಮಾನ್ಯ ಗಿರಾಕಿಯಂತೆ ಅಲ್ಲಿಗೆ ಒಮ್ಮೆ ಹೋಗಿ ಬನ್ನಿ. ಬಿಡುವಿನ ಹೊತ್ತಿನಲ್ಲಿ ಎಲ್ಲರೂ ಸಜ್ಜನರೇ.

ಏನು ನೋಡಬೇಕು? ತಪ್ಪು ಮಾಡಿದ ಹುಡುಗನಿಗೆ ಎಲ್ಲರೆದುರು ಬೈಯುತ್ತಾರೋ, ಪಕ್ಕಕ್ಕೆ ಕರೆದು ಹೇಳುತ್ತಾರೋ. ಕೆಲಸದವರು ಕುಳಿತುಕೊಳ್ಳಲು, ನೀರು ಕುಡಿಯಲು ಜಾಗವಿದೆಯೋ. ಶೌಚಾಲಯವಿದೆಯೋ, ಅದರ ಚಿಲಕ ಸರಿಯಿದೆಯೋ. ತುರ್ತು ಬಾಗಿಲಿನ ಮುಂದೆ ಸರಕು ಪೇರಿಸಿದ್ದಾರೋ. ಎಲ್ಲ ಮುಖಗಳೂ ಹೊಸತಾಗಿದ್ದರೆ, ಹಳಬರು ಯಾರೂ ಏಕೆ ನಿಲ್ಲುತ್ತಿಲ್ಲ ಎಂದು ಕೇಳಿಕೊಳ್ಳಿ. ವರ್ಷವಿಡೀ ‘ಕೆಲಸಗಾರರು ಬೇಕಾಗಿದ್ದಾರೆ’ ಎಂಬ ಫಲಕ ತೂಗುವ ಅಂಗಡಿಗೂ ಇದೇ ಪ್ರಶ್ನೆ.

ಸಂದರ್ಶನ ಎರಡೂ ಕಡೆಯವರದ್ದು. ಅವರು ಕೇಳಿ ಮುಗಿಸಿದ ಮೇಲೆ ನೋಟ್‌ಪುಸ್ತಕ ತೆರೆದು ನಿಮ್ಮ ಪ್ರಶ್ನೆಗಳನ್ನು ಕೇಳಿ. ಮೊದಲ ದಿನ ಕೆಲಸ ಯಾರು ಹೇಳಿಕೊಡುತ್ತಾರೆ? ಪಾಳಿಯ ಪಟ್ಟಿ ಎಷ್ಟು ದಿನ ಮುಂಚೆ ಸಿಗುತ್ತದೆ? ಪಾಳಿ ಮುಗಿದ ಮೇಲೂ ನಿಲ್ಲಬೇಕಾದರೆ ಆ ಹೊತ್ತಿಗೆ ಸಂಬಳ ಉಂಟೇ? ಗಲ್ಲಾಪೆಟ್ಟಿಗೆಯಲ್ಲಿ ಹಣ ಕಡಿಮೆ ಬಂದರೆ ಯಾರು ತುಂಬುತ್ತಾರೆ? ಬಾಗಿಲು ಹಾಕುವ ಹೊತ್ತಿನಲ್ಲಿ ನಾನು ಒಬ್ಬನೇ ಅಥವಾ ಒಬ್ಬಳೇ ಇರಬೇಕಾಗುತ್ತದೆಯೇ? ಏನಾದರೂ ಪೆಟ್ಟಾದರೆ ಯಾರಿಗೆ ಹೇಳಬೇಕು?

ಪ್ರಶ್ನೆ ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ನಿಮಗೆ ಉತ್ತರ ಸಿಕ್ಕಂತೆಯೇ. ಒಳ್ಳೆಯ ಮಾಲೀಕರು ಇಂಥ ಪ್ರಶ್ನೆ ಕೇಳುವವರನ್ನೇ ಇಷ್ಟಪಡುತ್ತಾರೆ. ಕೇಳುವವರು ಹೇಳದೆ ಕೇಳದೆ ನಾಪತ್ತೆಯಾಗುವುದು ಕಡಿಮೆ.

ಸಂದರ್ಶನ ಮನೆಯಲ್ಲಿ, ಹೋಟೆಲ್ ಕೋಣೆಯಲ್ಲಿ, ಕಾರಿನಲ್ಲಿ ಎಂದರೆ ಹೋಗಬೇಡಿ. ಪಾಠ ಹೇಳುವಂಥ, ಬೇರೆಯವರ ಮನೆಗೆ ಹೋಗಿ ಮಾಡುವ ಕೆಲಸಗಳಿಗೆ ಮೊದಲ ಭೇಟಿಯಲ್ಲಿ ದೊಡ್ಡವರೊಬ್ಬರು ಜೊತೆಗಿರಲಿ.

## ಹಂತ 6: ಕೈಗೆ ನಿಜವಾಗಿ ಎಷ್ಟು ಬರುತ್ತದೆ?

ಈಗ ಹಣ. ಹೇಳುವ ಸಂಬಳ ಬೇರೆ, ಉಳಿಯುವ ಸಂಬಳ ಬೇರೆ. ದಿನದ ಸಂಬಳದಿಂದ ಬಸ್ಸಿನ ಖರ್ಚು, ಊಟದ ಖರ್ಚು ಕಳೆಯಿರಿ. ಉಳಿದದ್ದನ್ನು ಕೆಲಸದ ಗಂಟೆಗಳಿಂದ ಅಲ್ಲ, ಮನೆ ಬಿಟ್ಟು ಮನೆ ಸೇರುವವರೆಗಿನ ಗಂಟೆಗಳಿಂದ ಭಾಗಿಸಿ.

ನಾಣ್ಯ ಯಾವುದಾದರೂ ಇರಲಿ, ಒಂದು ಕೆಲಸ ಗಂಟೆಗೆ 100 ಕೊಡುತ್ತದೆ, ದಿನಕ್ಕೆ 5 ಗಂಟೆ. ಹೋಗಿ ಬರಲು 2 ಗಂಟೆ, ಬಸ್ಸಿಗೆ 60, ಊಟಕ್ಕೆ 40. ಉಳಿಯುವುದು 400, ಹಿಡಿಯುವುದು 7 ಗಂಟೆ; ಗಂಟೆಗೆ ಸುಮಾರು 57. ಇನ್ನೊಂದು ಗಂಟೆಗೆ 80 ಮಾತ್ರ, ಅದೂ 5 ಗಂಟೆ, ಆದರೆ ಮನೆಯಿಂದ ನಡೆದರೆ ಹತ್ತು ನಿಮಿಷ, ಊಟ ಮನೆಯಲ್ಲೇ. ಉಳಿಯುವುದು ಅದೇ 400, ಹಿಡಿಯುವುದು 5 ಗಂಟೆ 20 ನಿಮಿಷ, ಗಂಟೆಗೆ 75. ಮೊದಲನೆಯದನ್ನು ಆರಿಸಿದವರು ದಿನವೂ ಒಂದು ಗಂಟೆ ನಲವತ್ತು ನಿಮಿಷವನ್ನು ಸುಮ್ಮನೆ ಕೊಟ್ಟು ಬರುತ್ತಾರೆ.

ಬೂಟು, ಸಮವಸ್ತ್ರದಂಥ ಒಂದು ಸಲದ ಖರ್ಚನ್ನು ಒಟ್ಟು ದಿನಗಳಿಗೆ ಹಂಚಿ. 30 ದಿನದ ಕೆಲಸಕ್ಕೆ ದುಬಾರಿ ಬೂಟು ಕೊಂಡರೆ ಮೊದಲ ಕೆಲವು ದಿನ ಬೂಟಿಗಾಗಿಯೇ ದುಡಿದ ಹಾಗೆ.

ಮಾರಿದ್ದಕ್ಕೆ ಮಾತ್ರ ಹಣ, ನಿಗದಿತ ಸಂಬಳವಿಲ್ಲ ಎನ್ನುವ ಕಮಿಷನ್ ಕೆಲಸಗಳಲ್ಲಿ ‘ತಿಂಗಳಿಗೆ ಇಷ್ಟು ಗಳಿಸಬಹುದು’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಈಗ ಅಲ್ಲಿರುವ ಹೊಸಬರು ಕಳೆದ ತಿಂಗಳು ಪಡೆದದ್ದು ಎಷ್ಟು ಎಂದು ಅವರನ್ನೇ ಕೇಳಿ.

## ಹಂತ 7: ಬರಹದಲ್ಲಿ ಪಡೆಯಿರಿ

ಕೈ ಕೆಸರಾದರೆ ಬಾಯಿ ಮೊಸರು, ಒಪ್ಪೋಣ. ಆ ಮೊಸರು ಯಾವ ತಾರೀಖಿಗೆ ಎಂದು ಕೈ ಹಾಕುವ ಮೊದಲೇ ಕೇಳಿಕೊಳ್ಳಬೇಕು. ಸಂಬಳದ ದರ, ಬಟವಾಡೆಯ ದಿನ, ಕೆಲಸದ ಗಂಟೆ, ವಾರದ ರಜೆ, ಕೆಲಸದ ವಿವರ, ಶುರು ಮತ್ತು ಕೊನೆಯ ದಿನ ಇಷ್ಟು ಬರಹದಲ್ಲಿರಲಿ. ಮುದ್ರೆ ಹಾಕಿದ ಪತ್ರವೇ ಆಗಬೇಕೆಂದಿಲ್ಲ. ಮಾತುಕತೆ ಮುಗಿದ ಸಂಜೆ ನೀವೇ ಒಂದು ಸಂದೇಶ ಕಳುಹಿಸಿ: ‘ಇವತ್ತು ಮಾತನಾಡಿದಂತೆ ಸೋಮವಾರದಿಂದ ಬರುತ್ತೇನೆ, ದಿನಕ್ಕೆ 5 ಗಂಟೆ, ಸಂಬಳ ಇಷ್ಟು, ಪ್ರತಿ ಶನಿವಾರ ಖಾತೆಗೆ, ಸರಿ ಇದೆಯೇ ಸರ್?’ ‘ಸರಿ’ ಎಂಬ ಒಂದು ಉತ್ತರ ಬಂದರೂ ಮುಂದೆ ಅದು ಸಾಕ್ಷಿ.

ತಿಂಗಳ ಸಂಬಳಕ್ಕಿಂತ ವಾರದ ಸಂಬಳ ಕೇಳಿ. ಹಣ ಕೊಡದವರಿದ್ದರೆ ಒಂದು ವಾರದಲ್ಲೇ ಗೊತ್ತಾಗುತ್ತದೆ, ನಷ್ಟವೂ ಒಂದೇ ವಾರದ್ದು.

ದಾಖಲೆಗಳ ನಕಲು ಪ್ರತಿ ಕೊಡಿ, ಅಸಲು ಪ್ರತಿಯನ್ನು ತೋರಿಸಿ ವಾಪಸ್ ತನ್ನಿ. ಅಂಕಪಟ್ಟಿಯ ಅಸಲನ್ನು ಕೆಲಸ ಬಿಡುವವರೆಗೆ ಇಟ್ಟುಕೊಳ್ಳುತ್ತೇವೆ ಎನ್ನುವವರು ಕೆಲಸ ಕೊಡುತ್ತಿಲ್ಲ, ಒತ್ತೆ ಇಟ್ಟುಕೊಳ್ಳುತ್ತಿದ್ದಾರೆ. ಖಾಲಿ ಕಾಗದಕ್ಕೆ, ಓದಲು ಬಿಡದ ಕಾಗದಕ್ಕೆ ಸಹಿ ಹಾಕಲೇಬೇಡಿ.

## ಹಂತ 8: ಮೊದಲ ವಾರ ಪರೀಕ್ಷೆಯ ವಾರ

ನಿಮ್ಮ ಹಾಜರಿಯನ್ನು ನೀವೇ ಬರೆದಿಡಿ: ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ಬಿಡುವು. ಅವರ ಹಾಜರಿ ಪುಸ್ತಕವನ್ನೇ ನಂಬಿದವರಿಗೆ ತಿಂಗಳ ಕೊನೆಗೆ ವಾದಿಸಲು ಏನೂ ಇರುವುದಿಲ್ಲ.

ಬಿಸಿಲಿನಲ್ಲಿ ಅಥವಾ ಬಿಸಿಯ ಒಳಾಂಗಣದಲ್ಲಿ ಕೆಲಸವಾದರೆ ಈ ವಾರವೇ ಅತ್ಯಂತ ಎಚ್ಚರದ್ದು, ಏಕೆಂದರೆ ದೇಹ ಇನ್ನೂ ಶಾಖಕ್ಕೆ ಒಗ್ಗಿರುವುದಿಲ್ಲ. ಔದ್ಯೋಗಿಕ ಆರೋಗ್ಯ ತಜ್ಞರ ಸಲಹೆ ಹೀಗಿದೆ: ಹೊಸಬರು ಮೊದಲ ದಿನ ಶಾಖದಲ್ಲಿ ಪೂರ್ತಿ ಅವಧಿಯ ಶೇ. 20ಕ್ಕಿಂತ ಹೆಚ್ಚು ಹೊತ್ತು ಇರಬಾರದು. ನಂತರ ದಿನಕ್ಕೆ ಶೇ. 20ರಷ್ಟು ಮಾತ್ರ ಏರಿಸಬೇಕು. ಬಾಯಾರುವವರೆಗೆ ಕಾಯದೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ನೀರು ಕುಡಿಯಬೇಕು. ತಲೆಸುತ್ತು, ವಾಕರಿಕೆ, ತಲೆನೋವು ಬಂದರೆ ನೆರಳಿಗೆ ಬಂದು ಕುಳಿತುಕೊಳ್ಳಿ. ಜೊತೆಯವರು ಗೊಂದಲದಿಂದ ಮಾತನಾಡಿದರೆ, ಮಾತು ತೊದಲಿದರೆ, ಕುಸಿದರೆ ಅದು ತುರ್ತು ಸ್ಥಿತಿ: ಆಂಬುಲೆನ್ಸ್ ಕರೆದು, ಅದು ಬರುವಷ್ಟರಲ್ಲಿ ತಣ್ಣೀರಿನಿಂದ ಮೈ ತಂಪು ಮಾಡಿ.

ಹೇಳಿಕೊಡದ ಯಂತ್ರವನ್ನು ಮುಟ್ಟಬೇಡಿ. ‘ನನಗೆ ಇದು ಗೊತ್ತಿಲ್ಲ, ಒಮ್ಮೆ ತೋರಿಸಿ’ ಎಂದರೆ ಮಾನ ಹೋಗುವುದಿಲ್ಲ; ಬೆರಳು ಹೋದರೆ ವಾಪಸ್ ಬರುವುದಿಲ್ಲ.

ವಾರದ ಕೊನೆಗೆ ಒಪ್ಪಂದದ ಸಂದೇಶ ತೆಗೆದು ಓದಿ. ಹೇಳಿದ ಕೆಲಸವೇ ನಡೆಯುತ್ತಿದೆಯೇ? ಹೇಳಿದ ಗಂಟೆಗಳೇ? ಹೇಳಿದ ದಿನವೇ ಹಣ ಬಂತೇ? ಒಂದು ತಪ್ಪಿದ್ದರೆ ಕೇಳಿ, ಮರೆತಿರಬಹುದು. ಎರಡು ತಪ್ಪಿದ್ದರೆ ಮನೆಯ ದೊಡ್ಡವರನ್ನು ಕರೆದುಕೊಂಡು ಹೋಗಿ ಮಾತನಾಡಿ. ಮೈ ಮುಟ್ಟುವುದು, ಅಸಹ್ಯ ಮಾತು, ರಾತ್ರಿ ಅನಗತ್ಯ ಸಂದೇಶ, ಹೆದರಿಕೆ ಹಾಕುವುದು ನಡೆದಿದ್ದರೆ ವಾರ ಮುಗಿಯುವವರೆಗೂ ಕಾಯಬೇಕಿಲ್ಲ, ನೋಟಿಸ್ ಕೊಡಬೇಕಿಲ್ಲ. ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಅದೇ ದಿನ ಮನೆಯಲ್ಲಿ ಹೇಳಿ.

## ಹಂತ 9: ಬಿಡುವಾಗ

ಕೊನೆಯ ದಿನವನ್ನು ಒಂದು ವಾರ ಮುಂಚೆ ನೆನಪಿಸಿ. ಕೀಲಿ, ಗುರುತಿನ ಚೀಟಿ, ಸಮವಸ್ತ್ರ ವಾಪಸ್ ಕೊಟ್ಟದ್ದಕ್ಕೆ ಒಂದು ಸಾಲಿನ ರಸೀದಿ ಅಥವಾ ಸಂದೇಶ ಪಡೆಯಿರಿ. ಯಾವ ದಿನದಿಂದ ಯಾವ ದಿನದವರೆಗೆ ಏನು ಕೆಲಸ ಮಾಡಿದಿರಿ ಎಂಬ ಅನುಭವ ಪತ್ರವನ್ನು ಅಲ್ಲಿರುವಾಗಲೇ ಕೇಳಿ. ಬಿಟ್ಟು ಎರಡು ತಿಂಗಳಾದ ಮೇಲೆ ಅದನ್ನು ಬರೆದುಕೊಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಬಾಕಿ ಸಂಬಳ ಹೇಳಿದ ದಿನ ಬರದಿದ್ದರೆ ಮೊದಲು ಬರಹದಲ್ಲಿ ಕೇಳಿ, ಒಂದು ಗಡುವು ಹಾಕಿ. ಗಡುವು ಮೀರಿದರೆ ನಿಮ್ಮ ಹಾಜರಿ ಪುಸ್ತಕ, ಒಪ್ಪಂದದ ಸಂದೇಶ, ಹಿಂದಿನ ಬಟವಾಡೆಯ ಬ್ಯಾಂಕ್ ವಿವರಗಳನ್ನು ಜೊತೆಗಿಟ್ಟು, ಪೋಷಕರೊಂದಿಗೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ದೂರಿಗೆ ಕಾಲಮಿತಿ ಇರಬಹುದಾದ್ದರಿಂದ ಮುಂದಿನ ರಜೆಯವರೆಗೆ ಮುಂದೂಡಬೇಡಿ.